ಡೇಗುವಿನ ಗೇ ಮೇಷ್ಟ್ರು

ನಾನು ದಕ್ಷಿಣ ಕೊರಿಯಾಕ್ಕೆ ಹೋದದ್ದು 2014ರಲ್ಲಿ, ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಲು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2013ರ ಡಿಸೆಂಬರ್‌ನಲ್ಲಿ, ನಮ್ಮ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿತ್ತು. 2009ರಲ್ಲಿ ದೆಹಲಿ ಹೈಕೋರ್ಟು ಕೊಟ್ಟಿದ್ದ ಸಮಾಧಾನ ಅಲ್ಲಿಗೆ ಮುಗಿದಿತ್ತು. ನಾನು ಸಾಗರದ ಕಡೆಯವನು. ಬೆಂಗಳೂರಿನಲ್ಲಿ ಓದುವಾಗ ಪ್ರೈಡ್ ಮೆರವಣಿಗೆಗೆ ಮುಖವಾಡ ಹಾಕಿಕೊಂಡು ಹೋಗುತ್ತಿದ್ದೆ. ಪೇಪರಿನಲ್ಲಿ ಫೋಟೋ ಬಂದು, ಅದನ್ನು ಊರಿನ ಸೊಸೈಟಿಯಲ್ಲಿ ಯಾರಾದರೂ ಅಪ್ಪನ ಮುಂದೆ ಹಿಡಿದರೆ ಅನ್ನೋ ಹೆದರಿಕೆ. ಕೊರಿಯಾದಲ್ಲಿ ಸೈನ್ಯದೊಳಗೆ ಬಿಟ್ಟರೆ ಬೇರೆಲ್ಲೂ ಇಂಥ ಕಾನೂನು ಇಲ್ಲ ಅಂತ ಓದಿದ್ದೆ. ಆಗ ಅಷ್ಟು ಸಾಕಿತ್ತು. ಕಾನೂನು ಇಲ್ಲದ ಕಡೆ ಬೇರೆ ಏನೇನು ಇರುತ್ತದೆ ಅನ್ನೋದು ಹೋದ ಮೇಲೆ ಗೊತ್ತಾಯಿತು.

ನನಗೆ ಸೀಟು ಸಿಕ್ಕಿದ್ದು ಡೇಗುವಿನಲ್ಲಿ. ಸುತ್ತ ಬೆಟ್ಟ, ನಡುವೆ ಊರು, ಬೇಸಿಗೆಯಲ್ಲಿ ವಿಪರೀತ ಸೆಕೆ. ರಾಜಕೀಯದಲ್ಲಿ ಕೊರಿಯಾದ ಅತಿ ಸಂಪ್ರದಾಯಸ್ಥ ದೊಡ್ಡ ಊರು ಯಾವುದು ಅಂತ ಕೇಳಿದರೆ ಎಲ್ಲರೂ ಡೇಗುವಿನ ಕಡೆಗೇ ಬೆರಳು ತೋರಿಸುತ್ತಾರೆ. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಬಲಪಂಥದ ಯೂನ್ ಸುಕ್ ಯೋಲ್‌ಗೆ ಇಲ್ಲಿ ನೂರಕ್ಕೆ 75 ವೋಟು ಬಿತ್ತು. ಒಂದು ಕಡೆ ಕನ್ಫ್ಯೂಷಿಯಸ್ ಕಾಲದ ಪದ್ಧತಿ, ಇನ್ನೊಂದು ಕಡೆ ದೊಡ್ಡ ದೊಡ್ಡ ಚರ್ಚುಗಳು. ಹಬ್ಬ ಬಂದರೆ ಹಿರಿಮಗನ ಮನೆಯಲ್ಲಿ ಹಿರಿಯರಿಗೆ ಎಡೆ ಇಡಬೇಕು. ಆ ಹಿರಿಮಗನಿಗೆ ಹೆಂಡತಿ, ಮಕ್ಕಳು ಇರಲೇಬೇಕು. ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಮ್ಮ, "ಹಾಗಾದ್ರೆ ನಮ್ಮ ಥರದವರೇ ಬಿಡು" ಅಂದಳು. ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಪಿಎಚ್‌ಡಿ ವರ್ಷಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಲ್ಯಾಬು, ರೂಮು, ಮತ್ತೆ ಲ್ಯಾಬು. ಯಾರಿಗೂ ಏನೂ ಹೇಳಲಿಲ್ಲ.

2018ರಲ್ಲಿ ಊರಾಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಇಂಗ್ಲಿಷಿನಲ್ಲಿ ಕೆಮಿಸ್ಟ್ರಿ ಹೇಳಲು ವಿದೇಶಿ ಮೇಷ್ಟ್ರು ಬೇಕಿತ್ತು ಅವರಿಗೆ. ವರ್ಷ ವರ್ಷ ಕಾಂಟ್ರಾಕ್ಟು. ವೀಸಾ ಇ-1, ಅಂದರೆ ಪ್ರೊಫೆಸರ್ ವೀಸಾ. ಅದು ಕೆಲಸಕ್ಕೆ ಕಟ್ಟಿದ ವೀಸಾ. ಕೆಲಸ ಹೋದರೆ ಅದರ ಹಿಂದೆಯೇ ವೀಸಾನೂ ಹೋಗುತ್ತದೆ. ಹೀಗಾಗಿ ಬಾಯಿ ಮುಚ್ಚಿಕೊಂಡು ಇರೋದು ಅಂತಲೇ ತೀರ್ಮಾನಿಸಿದ್ದೆ.

ಕೊರಿಯಾದಲ್ಲಿ ಎರಡನೇ ಸೆಮಿಸ್ಟರ್ ಶುರುವಾಗೋದು ಸೆಪ್ಟೆಂಬರ್ ಮೊದಲ ವಾರ. ಆ ವರ್ಷ ಅದೇ ವಾರ, 6ನೇ ತಾರೀಖು ಗುರುವಾರ, ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 377ರ ಹಲ್ಲು ಕಿತ್ತರು. ಮರುದಿನ ನನಗೆ ಮೊದಲ ವರ್ಷದವರ ಕ್ಲಾಸಿತ್ತು. ಪಾಠ ಮುಗಿಸಿ, ಏನಾದರೂ ಪ್ರಶ್ನೆ ಇದೆಯಾ ಅಂದೆ. ಕೊರಿಯಾದ ಹುಡುಗರು ಸಾಮಾನ್ಯವಾಗಿ ಪ್ರಶ್ನೆ ಕೇಳೋದಿಲ್ಲ. ಅವತ್ತು ಹಿಂದಿನ ಸಾಲಿನಿಂದ ಒಬ್ಬಳು ಕೈ ಎತ್ತಿ, "ಗ್ಯೋಸುನಿಮ್", ಅಂದರೆ ಮೇಷ್ಟ್ರೇ, ಅಂದಳು.

"ಗ್ಯೋಸುನಿಮ್, ನಿನ್ನೆ ಇಂಡಿಯಾದ ನ್ಯೂಸ್ ನೋಡಿದೆ. ಜನ ಬಣ್ಣದ ಬಾವುಟ ಹಿಡ್ಕೊಂಡು ಅಳ್ತಾ ಇದ್ರು. ಅದು ಒಳ್ಳೇ ಸುದ್ದಿನಾ, ಕೆಟ್ಟ ಸುದ್ದಿನಾ?"

"ಒಳ್ಳೇದು," ಅಂದೆ. ಅಲ್ಲಿಗೆ ಬಿಡಬಹುದಿತ್ತು. ಬಾಯಿ ನಿಲ್ಲಲಿಲ್ಲ. "ಮೊನ್ನೆವರೆಗೂ ನಮ್ಮ ದೇಶದ ಕಾನೂನಿನ ಪ್ರಕಾರ ನಾನು ಅಪರಾಧಿ. ನಿನ್ನೆಯಿಂದ ಅಲ್ಲ."

ಇಂಗ್ಲಿಷು ಚೆನ್ನಾಗಿ ಬರುವ ನಾಲ್ಕೈದು ಜನ ತಟ್ಟನೆ ತಲೆ ಎತ್ತಿದರು. ಅವರು ಪಕ್ಕದವರ ಕಿವಿಯಲ್ಲಿ ಕೊರಿಯನ್ನಿನಲ್ಲಿ ಏನೋ ಅಂದರು. ಆಗ ಇನ್ನಷ್ಟು ತಲೆಗಳು ಎದ್ದವು. ಹೀಗೆ ಸುದ್ದಿ ಕಿಟಕಿಯ ಕಡೆಯಿಂದ ಬಾಗಿಲಿನ ಕಡೆಗೆ ಹೋಗಿದ್ದನ್ನು ನಾನು ನಿಂತುಕೊಂಡೇ ನೋಡಿದೆ. ಯಾರೂ ನಗಲಿಲ್ಲ. ಕೇಳಿದ ಹುಡುಗಿ "ಕಂಗ್ರಾಜುಲೇಷನ್ಸ್" ಅಂದಳು, ಪರೀಕ್ಷೆ ಪಾಸಾದವರಿಗೆ ಹೇಳುವ ಹಾಗೆ. ನಾನು ಮುಂದಿನ ವಾರದ ಹೋಂವರ್ಕ್ ಬೋರ್ಡಿನ ಮೇಲೆ ಬರೆದು ಹೊರಗೆ ಬಂದೆ. ಕೈ ನಡುಗುತ್ತಿತ್ತು.

ಸೋಮವಾರ ವಿಭಾಗದ ಮುಖ್ಯಸ್ಥರು ಕರೆದರು. ಅರವತ್ತರ ಹತ್ತಿರದವರು, ಚರ್ಚಿನಲ್ಲಿ ಹಿರಿಯರು. ನಿಜವಾಗಿ ಒಳ್ಳೆಯ ಮನುಷ್ಯ. ಕಾಗದದ ಲೋಟಕ್ಕೆ ಮಿಕ್ಸ್ ಕಾಫಿ ಸುರಿದು, ಬಿಸಿನೀರು ಹಾಕಿ, ಖಾಲಿ ಪ್ಯಾಕೆಟ್ಟನ್ನೇ ಉದ್ದಕ್ಕೆ ಮಡಚಿ ಅದರಲ್ಲೇ ಕಲಕಿ ಕೊಟ್ಟರು. ಅಲ್ಲಿ ಎಲ್ಲರೂ ಹಾಗೇ ಮಾಡೋದು. ಹವಾ ಬಗ್ಗೆ ಮಾತಾಡಿದರು. ನನ್ನ ರೂಮಿನ ಹೀಟರ್ ಬಗ್ಗೆ ಕೇಳಿದರು. ಆಮೇಲೆ ಲೋಟ ನೋಡುತ್ತಾ, "ಹಾಂಗ್ ಸೊಕ್ ಚೊನ್ ಥರಾನಾ?" ಅಂದರು.

ಹಾಂಗ್ ಸೊಕ್ ಚೊನ್ ಕೊರಿಯಾದ ನಟ. 2000ರಲ್ಲಿ ತಾನು ಗೇ ಅಂತ ಬಹಿರಂಗವಾಗಿ ಹೇಳಿದ ಮೊದಲ ಪ್ರಸಿದ್ಧ ವ್ಯಕ್ತಿ. ಹೇಳಿದ ಕೂಡಲೇ ಟಿವಿಯ ಕೆಲಸಗಳೆಲ್ಲ ಹೋದವು. ಸಿಯೋಲ್‌ನ ಇಟೇವಾನ್‌ನಲ್ಲಿ ಹೋಟೆಲು ಇಟ್ಟುಕೊಂಡು ಬದುಕಿದರು, ವರ್ಷಗಳಾದ ಮೇಲೆ ಮತ್ತೆ ಟಿವಿಗೆ ಬಂದರು. ಆ ವಯಸ್ಸಿನ ಕೊರಿಯನ್ನರಿಗೆ ಗೇ ಅಂದರೆ ನೆನಪಾಗೋದು ಇದೊಂದೇ ಹೆಸರು. "ಹೌದು ಸರ್, ಆದ್ರೆ ನನಗೆ ಅಡುಗೆ ಅಷ್ಟು ಚೆನ್ನಾಗಿ ಬರೋಲ್ಲ," ಅಂದೆ. ಅವರು ನಗಲಿಲ್ಲ. "ಖಾಸಗಿ ವಿಷಯ ಖಾಸಗಿಯಾಗೇ ಇರಲಿ. ಮಕ್ಕಳ ತಂದೆತಾಯಿ ಫೋನ್ ಮಾಡಿದ್ರೆ ನನಗೆ ಕಷ್ಟ," ಅಂದರು. ಅಷ್ಟೇ. ಬೈಗುಳ ಇಲ್ಲ, ಬೈಬಲ್ ಇಲ್ಲ. ಅವರ ಹೆಂಡತಿ ಚರ್ಚಿನ ಪರಿಚಯದ ಒಂದು ಹುಡುಗಿಯನ್ನು ನನಗೆ ನೋಡುತ್ತಿದ್ದರು. ಆ ಮಾತು ಅವತ್ತಿನಿಂದ ನಿಂತಿತು. ಆ ಲೆಕ್ಕದಲ್ಲಿ ನನಗೆ ಲಾಭವೇ ಆಯಿತು.

ಇದಾದ ಮೇಲೆ ಇಡೀ ವಿಭಾಗಕ್ಕೆ ಗೊತ್ತು. ಆದರೆ ಯಾರೂ ಮಾತೆತ್ತಲಿಲ್ಲ. ಮದುವೆ ಊಟದಲ್ಲಿ ಯಾರೋ ಸಾಂಬಾರು ಚೆಲ್ಲಿದರೆ ಎಲ್ಲರೂ ತಮ್ಮ ತಮ್ಮ ಎಲೆ ನೋಡಿಕೊಂಡು ಉಣ್ಣುತ್ತಾರಲ್ಲ, ಹಾಗೆ. ಅಲ್ಲಿಯವರೆಗೆ ಪ್ರತಿ ಹ್ವೇಸಿಕ್‌ನಲ್ಲೂ, ಅಂದರೆ ಕೆಲಸ ಮುಗಿಸಿ ಎಲ್ಲರೂ ಸೇರಿ ಹೋಗುವ ಊಟದಲ್ಲಿ, ಸೋಜು ಅನ್ನೋ ಅಲ್ಲಿನ ಮದ್ಯ ಬಗ್ಗಿಸುತ್ತಾ "ಮದುವೆ ಯಾವಾಗ?" ಅಂತ ಕೇಳುತ್ತಿದ್ದರು. ಆಮೇಲೆ ಕೇಳಲಿಲ್ಲ. ಅದರ ಬದಲು ನಾನು ಮಾಂಸ ಯಾಕೆ ತಿನ್ನೋದಿಲ್ಲ ಅನ್ನೋದನ್ನು ಹೊಸದಾಗಿ ವಿಚಾರಿಸತೊಡಗಿದರು. ನಿಜ ಹೇಳ್ತೀನಿ, ಡೇಗುವಿನಲ್ಲಿ ಗೇ ಅಂತ ಹೇಳೋದಕ್ಕಿಂತ ಸಸ್ಯಾಹಾರಿ ಅಂತ ಹೇಳೋದು ಕಷ್ಟ. "ಮೀನಾದ್ರೂ? ಹ್ಯಾಮ್ ಆದ್ರೂ? ಸ್ವಲ್ಪ?"

ಈ ಸಸ್ಯಾಹಾರವೇ ಮುಂದೆ ಅವರಿಗೆ ಉಪಯೋಗಕ್ಕೆ ಬಂತು. ಕೊರಿಯಾದ ಕಾಲೇಜುಗಳಲ್ಲಿ ಎಂ.ಟಿ. ಅಂತ ಒಂದು ಪದ್ಧತಿ ಇದೆ. ಮಾರ್ಚ್‌ನಲ್ಲಿ ಹೊಸ ಹುಡುಗರು ಬಂದ ಕೂಡಲೇ ಸೀನಿಯರ್‌ಗಳು, ಮೇಷ್ಟ್ರುಗಳು ಎಲ್ಲ ಸೇರಿ ಯಾವುದೋ ಬೆಟ್ಟದ ಬುಡಕ್ಕೋ ಸಮುದ್ರದ ದಂಡೆಗೋ ಹೋಗಿ ಒಂದು ರಾತ್ರಿ ಉಳಿಯುತ್ತಾರೆ. ಮಾಂಸ ಸುಡೋದು, ಆಟ ಆಡೋದು, ಕುಡಿಯೋದು. ಮೇಷ್ಟ್ರು ಹೋಗೋದು ಕಡ್ಡಾಯ ಇದ್ದ ಹಾಗೆ. 2019ರ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಆಫೀಸಿನ ಸಹಾಯಕಿಯನ್ನು ಕೇಳಿದೆ. ಪಾಪ, ಆಕೆಯ ಮುಖ ಕೆಂಪಾಯಿತು. "ಅಲ್ಲಿ ಬರೀ ಹಂದಿಮಾಂಸ ಸುಡ್ತಾರಂತೆ ಸರ್. ನಿಮಗೆ ಊಟಕ್ಕೆ ತೊಂದರೆ ಆಗುತ್ತೆ ಅಂತ..." ಅಂದಳು. ಹುಡುಗರ ಜೊತೆ ರಾತ್ರಿ ಒಂದೇ ಹಾಲಿನಲ್ಲಿ ಚಾಪೆ ಹಾಸಿ ಮಲಗುವ ಕಾರ್ಯಕ್ರಮ ಅದು. ಯಾರ ಊಟದ ಚಿಂತೆ ಅಂತ ಗೊತ್ತಾಗದಷ್ಟು ದಡ್ಡನಲ್ಲ ನಾನು. ಜಗಳಕ್ಕೆ ಹೋಗಲು ಹಿಡಿಯೋಕೆ ಒಂದು ಮಾತೂ ಸಿಕ್ಕುವ ಹಾಗಿರಲಿಲ್ಲ. ಯಾರೂ ಏನೂ ಅಂದಿಲ್ಲವಲ್ಲ! ದೂರು ಕೊಡಲು ಕಾನೂನೂ ಇಲ್ಲ. ಕೊರಿಯಾದಲ್ಲಿ ಭೇದಭಾವ ತಡೆಯುವ ಮಸೂದೆ 2007ರಿಂದ ಬರುತ್ತಲೇ ಇದೆ, ಚರ್ಚುಗಳ ವಿರೋಧಕ್ಕೆ ಬೀಳುತ್ತಲೇ ಇದೆ. ಮಾನವ ಹಕ್ಕು ಆಯೋಗದ ಕಾಯಿದೆಯಲ್ಲಿ ನಮ್ಮಂಥವರ ಉಲ್ಲೇಖ 2001ರಿಂದಲೂ ಇದೆ ನಿಜ. ಆದರೆ ಆಯೋಗ ಶಿಫಾರಸು ಮಾಡಬಹುದು, ಅಷ್ಟೇ.

ಪಾಠದ ವಿಷಯಕ್ಕೆ ಬಂದರೆ, ನಾನೇ ಕೆಲವು ಕಟ್ಟುಪಾಡು ಹಾಕಿಕೊಂಡೆ. ಹುಡುಗರು ಆಫೀಸಿಗೆ ಬಂದರೆ ಬಾಗಿಲು ತೆಗೆದೇ ಇರಬೇಕು, ಚಳಿಗಾಲದಲ್ಲೂ. ಅಲ್ಲಿನ ವಾಟ್ಸಾಪ್ ಥರದ ಕಾಕಾವೋಟಾಕ್‌ನಲ್ಲಿ ರಾತ್ರಿ ಯಾರಿಗೂ ಉತ್ತರ ಇಲ್ಲ. ಭುಜ ತಟ್ಟೋದು, ಶಭಾಷ್ ಅನ್ನೋದು ಇತರ ಮೇಷ್ಟ್ರುಗಳಿಗೆ ಸಹಜ. ನಾನು ದೂರದಿಂದಲೇ ಶಭಾಷ್. ಇದು ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಸುಳ್ಳು ಮಾತು ಎದ್ದರೆ ಉಳಿದವರಿಗೆ ಅನುಮಾನದ ಲಾಭ ಸಿಕ್ಕುತ್ತದೆ, ನನಗೆ ಸಿಕ್ಕೋದಿಲ್ಲ ಅಂತ ಗೊತ್ತಿತ್ತು. ಹುಡುಗರ ಅನಾಮಧೇಯ ಆ್ಯಪೊಂದರಲ್ಲಿ ನನ್ನ ಬಗ್ಗೆ ಬರೆದದ್ದನ್ನು ಒಬ್ಬ ವಿದ್ಯಾರ್ಥಿ ತೋರಿಸಿದ. ಹೊಲಸು ಮಾತು ಇತ್ತು, ಇಲ್ಲ ಅಂತಿಲ್ಲ. ಜಾಸ್ತಿ ಇದ್ದದ್ದು ಮಾತ್ರ "ಇಂಡಿಯಾ ಮೇಷ್ಟ್ರು ಮಾರ್ಕ್ಸ್ ಕೊಡೋದ್ರಲ್ಲಿ ಬಹಳ ಜಿಪುಣ" ಅನ್ನೋದು. ಅದಕ್ಕೆ ಲೈಕುಗಳೂ ಅದೇ ಪ್ರಮಾಣದಲ್ಲಿ.

ತೆಗೆದಿಟ್ಟ ಆ ಬಾಗಿಲಿನಿಂದ ಕೆಲವರು ಬೇರೆ ವಿಷಯಕ್ಕೂ ಬಂದರು. ಸೈನ್ಯದಿಂದ ವಾಪಸಾಗಿದ್ದ ಒಬ್ಬ ಹುಡುಗ ನೆನಪಿದ್ದಾನೆ. ಕೊರಿಯಾದ ಗಂಡು ಮಕ್ಕಳೆಲ್ಲ ಒಂದೂವರೆ ವರ್ಷದಷ್ಟು ಸೈನ್ಯಕ್ಕೆ ಹೋಗಲೇಬೇಕು. ಸೈನ್ಯದ ಅಪರಾಧ ಕಾಯಿದೆಯ 92-6ನೇ ಕಲಮಿನಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಎರಡು ವರ್ಷದವರೆಗೆ ಜೈಲು. 2017ರಲ್ಲಿ ಸೇನೆಯ ತನಿಖಾಧಿಕಾರಿಗಳು ಡೇಟಿಂಗ್ ಆ್ಯಪಿನಲ್ಲಿ ಸೈನಿಕರನ್ನು ಹುಡುಕಿ ಹಿಡಿದಿದ್ದರು, ಒಬ್ಬ ಕ್ಯಾಪ್ಟನ್‌ಗೆ ಶಿಕ್ಷೆಯೂ ಆಯಿತು. ಈ ಹುಡುಗ ಆಗ ಸೈನ್ಯದಲ್ಲಿದ್ದ. ನನ್ನೆದುರು ಕೂತು ಹೋಂವರ್ಕ್ ಹಾಳೆ ತಿರುಗಿಸುತ್ತಾ, "ರಾತ್ರಿ ನಿದ್ದೇಲಿ ಏನಾದ್ರೂ ಮಾತಾಡಿಬಿಡ್ತೀನೇನೋ ಅಂತ ನಿದ್ದೇನೇ ಮಾಡ್ತಿರ್ಲಿಲ್ಲ ಗ್ಯೋಸುನಿಮ್," ಅಂದ. ಮತ್ತೆ ಬಫರ್ ದ್ರಾವಣದ ಲೆಕ್ಕ ಕೇಳಿದ. ಹೇಳಿಕೊಟ್ಟೆ. ಮುಂದೆ 2022ರಲ್ಲಿ ಕೊರಿಯಾದ ಸುಪ್ರೀಂ ಕೋರ್ಟು, ಕ್ಯಾಂಪಿನ ಹೊರಗೆ ಇಬ್ಬರೂ ಒಪ್ಪಿ ನಡೆದದ್ದಕ್ಕೆ ಆ ಕಲಮು ಅನ್ವಯಿಸೋದಿಲ್ಲ ಅಂದಿತು. ಕಲಮು ಮಾತ್ರ ಹಾಗೇ ಇದೆ. 2023ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ನನಗೂ ಒಬ್ಬ ಸಿಕ್ಕಿದ್ದ, ಅಷ್ಟೊತ್ತಿಗೆ. ಡೇಗುವಿನವನೇ, ಸರ್ಕಾರಿ ಶಾಲೆಯ ಮೇಷ್ಟ್ರು. ಆ ದೇಶದಲ್ಲಿ ಶಿಕ್ಷಕರ ನೇಮಕಾತಿ ಪರೀಕ್ಷೆ ಪಾಸು ಮಾಡೋದು ಅಂದರೆ ನಮ್ಮಲ್ಲಿ ಕೆಎಎಸ್ ಪಾಸಾದಷ್ಟು ಸಂಭ್ರಮ. ಅವನ ಅಪ್ಪ ಅಮ್ಮ ನೆಂಟರಿಗೆಲ್ಲ ಊಟ ಹಾಕಿಸಿದ್ದರಂತೆ. ನನಗಿಂತ ಚಿಕ್ಕವನು, ಹಾಗಾಗಿ ನನ್ನನ್ನು "ಹ್ಯೋಂಗ್", ಅಣ್ಣ ಅಂತ ಕರೆಯುತ್ತಾನೆ. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಯಾರಿಗೂ ಅನುಮಾನ ಬರೋದಿಲ್ಲ. ಸ್ಟಾಫ್ ರೂಮಿನಲ್ಲಿ ಮದುವೆ ಮಾತು ಎದ್ದಾಗ ಅವನು ಸಿಯೋಲ್‌ನಲ್ಲಿ ಒಬ್ಬ ಗೆಳತಿಯನ್ನು ಹುಟ್ಟಿಸಿಕೊಂಡಿದ್ದ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಬಹಳ ಬ್ಯುಸಿ, ಡೇಗುವಿಗೆ ಬರೋಕಾಗಲ್ಲ.

2020 ನಮ್ಮಿಬ್ಬರಿಗೂ ಕೆಟ್ಟ ವರ್ಷ. ಫೆಬ್ರುವರಿಯಲ್ಲಿ ಕೊರೋನಾ ಮೊದಲು ಸಿಡಿದದ್ದು ಡೇಗುವಿನಲ್ಲೇ, ಶಿಂಚೊಂಜಿ ಅನ್ನೋ ಪಂಥದವರ ನಡುವೆ. ಇಡೀ ದೇಶ ನಮ್ಮೂರನ್ನು ಬೈಯಿತು. ಮೇನಲ್ಲಿ ಬೈಸಿಕೊಳ್ಳುವ ಸರದಿ ನಮ್ಮಂಥವರದಾಯಿತು. ಇಟೇವಾನ್‌ನ ಕ್ಲಬ್ಬುಗಳಿಂದ ಸೋಂಕು ಹರಡಿದ್ದು ಗೊತ್ತಾದಾಗ, ಒಂದು ಪತ್ರಿಕೆ ಅವು ಗೇ ಕ್ಲಬ್ಬುಗಳು ಅಂತ ತಲೆಬರಹ ಹಾಕಿತು. ಕೊರಿಯಾದಲ್ಲಿ ಆಗ ಸೋಂಕಿತರು ಎಲ್ಲೆಲ್ಲಿ ಹೋಗಿದ್ದರು ಅನ್ನೋದನ್ನು ಪ್ರಕಟಿಸುತ್ತಿದ್ದರು. ಟೆಸ್ಟಿಗೆ ಹೋದರೆ ಆಫೀಸಿಗೂ ಮನೆಗೂ ಗೊತ್ತಾಗುತ್ತದೆ ಅಂತ ಜನ ಅಡಗಿಕೊಂಡರು. ಕೊನೆಗೆ ಸಿಯೋಲ್ ನಗರಾಡಳಿತ ಹೆಸರು ಕೇಳದೆ ಟೆಸ್ಟ್ ಮಾಡಬೇಕಾಯಿತು. ಇಂಚೋನ್‌ನ ಒಬ್ಬ ಟ್ಯೂಷನ್ ಮೇಷ್ಟ್ರು ಆ ಕ್ಲಬ್ಬಿಗೆ ಹೋಗಿದ್ದವನು, ವಿಚಾರಿಸಲು ಬಂದವರಿಗೆ ತನಗೆ ಕೆಲಸವೇ ಇಲ್ಲ ಅಂದ. ಅವನಿಂದ ವಿದ್ಯಾರ್ಥಿಗಳಿಗೆ, ಅವರಿಂದ ಬೇರೆಯವರಿಗೆ ಹರಡಿತು. ಅವನಿಗೆ ಆರು ತಿಂಗಳು ಜೈಲಾಯಿತು. ಅವನು ಹೇಳಿದ್ದು ಸುಳ್ಳೇ, ಅದರಿಂದ ಕಷ್ಟಪಟ್ಟವರೂ ಇದ್ದಾರೆ. ಆದರೂ ನನ್ನ ರೂಮಿನಲ್ಲಿ ಆ ಸುದ್ದಿ ನೋಡುತ್ತಾ ನಮ್ಮವನು ಒಂದೇ ಮಾತು ಅಂದ: "ಹ್ಯೋಂಗ್, ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ." ಆ ವಸಂತದಲ್ಲಿ ಅವನು ಸಿಯೋಲ್ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಆದರೂ ತಿಂಗಳುಗಟ್ಟಲೆ ನನ್ನ ರೂಮಿಗೆ ಬರಲಿಲ್ಲ.

ನನ್ನ ವಿಷಯ ಬೇರೆ, ಅವನ ವಿಷಯ ಬೇರೆ ಅನ್ನೋದು ನನಗೆ ಸರಿಯಾಗಿ ತಿಳಿದದ್ದು ಆಗ. ನನ್ನ ಬಗ್ಗೆ ಡೇಗು ಸುಮ್ಮನಿದ್ದದ್ದು ಒಪ್ಪಿಕೊಂಡು ಅಲ್ಲ. ನಾನು ಹೊರಗಿನವನು. ಮಾಂಸ ತಿನ್ನದವನು, ಕೈಯಲ್ಲಿ ಊಟ ಮಾಡುವವನು, ಜೊತೆಗೆ ಇದೂ ಒಂದು. ವಿದೇಶಿಯರ ವಿಚಿತ್ರಗಳ ಪಟ್ಟಿಯಲ್ಲಿ ಸೇರಿಸಿ ಬಿಟ್ಟರು. ನನಗೆ ಸಿಕ್ಕಿದ್ದು ರಿಯಾಯಿತಿ. ಮುಖ್ಯಸ್ಥರು ಒಮ್ಮೆ ಪ್ರೀತಿಯಿಂದಲೇ "ಕೊರಿಯಾದಲ್ಲಿ ಅಂಥವರು ಬಹಳ ಕಡಿಮೆ" ಅಂದಿದ್ದರು. ಅವರು ಹಾಗಂದಾಗ ಅವರದೇ ಊರಿನ ಹುಡುಗನೊಬ್ಬ ನನ್ನ ರೂಮಿನಲ್ಲಿ ಅನ್ನಕ್ಕೆ ಇಟ್ಟು ಕಾಯುತ್ತಿದ್ದ.

2023ರ ಜೂನ್ 17ರ ಶನಿವಾರ ಡೇಗು ಕ್ವಿಯರ್ ಹಬ್ಬ. ಇದು 2009ರಿಂದ ನಡೆಯುತ್ತಿದೆ, ಸಿಯೋಲ್ ಬಿಟ್ಟರೆ ಇದೇ ಹಳೆಯದು. ಜಾಗ ದೊಂಗ್ಸೊಂಗ್ನೋ, ನಮ್ಮ ಬ್ರಿಗೇಡ್ ರಸ್ತೆಯಂಥ ಪೇಟೆ ಬೀದಿ. ಆ ವರ್ಷ ಮೇಯರ್ ಹಾಂಗ್ ಜೂನ್ ಪ್ಯೋ ರಸ್ತೆ ಬಳಸಲು ಅನುಮತಿ ಇಲ್ಲ ಅಂತ ನಗರಾಡಳಿತದ ನೌಕರರನ್ನು ನೂರಾರು ಸಂಖ್ಯೆಯಲ್ಲಿ ಅಡ್ಡ ನಿಲ್ಲಿಸಿದರು. ಪೊಲೀಸರು, ಇದು ಕಾನೂನುಬದ್ಧ ಸಭೆ, ಗಾಡಿ ಬಿಡಿ ಅಂದರು. ಹಬ್ಬದ ಸಾಮಾನಿನ ಗಾಡಿ ಒಳಗೆ ಬರಲು ಪೊಲೀಸರೂ ನಗರಾಡಳಿತದ ನೌಕರರೂ ಒಬ್ಬರನ್ನೊಬ್ಬರು ನೂಕಾಡಿದರು! ಸಲಿಂಗಿಗಳ ಹಬ್ಬಕ್ಕೆ ಪೊಲೀಸರು ದಾರಿ ಬಿಡಿಸಿಕೊಡೋದನ್ನು ನೋಡಲು ನಾನು ಸಾಗರದಿಂದ ಅಷ್ಟು ದೂರ ಹೋಗಬೇಕಾಯಿತು. ಮರುವರ್ಷ ಕೋರ್ಟು ನಗರಾಡಳಿತವೇ ಸಂಘಟಕರಿಗೆ ಪರಿಹಾರ ಕೊಡಬೇಕು ಅಂದಿತು.

ಬೀದಿಯ ಆಚೆ ಚರ್ಚಿನವರು ಪ್ರಾರ್ಥನೆ ಹಾಡುತ್ತಿದ್ದರು. ಅವರ ನಡುವೆ ನಮ್ಮ ವಿಶ್ವವಿದ್ಯಾಲಯದ ಹಿರಿಯರೊಬ್ಬರನ್ನು ಕಂಡೆ. ಅವರ ಕೈಯಲ್ಲಿ ನಮ್ಮ ವಿರುದ್ಧದ ಬೋರ್ಡು. ಅವರೂ ನನ್ನನ್ನು ಕಂಡರು. ಒಂದು ಕ್ಷಣ ಏನು ಮಾಡೋದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಅವರು ಅಭ್ಯಾಸಬಲದಿಂದ, ಬೋರ್ಡು ಹಿಡಿದುಕೊಂಡೇ, ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬಾವುಟ ಹಿಡಿದ ನಾನೂ ಬಗ್ಗಿದೆ. ಸೋಮವಾರ ಲಿಫ್ಟಿನಲ್ಲಿ ಸಿಕ್ಕಾಗ ಮಳೆ ಯಾವಾಗ ಶುರುವಾಗಬಹುದು ಅಂತ ಮಾತಾಡಿದೆವು. ನಮ್ಮವನು ಆ ದಿನ ಹಬ್ಬಕ್ಕೆ ಬರಲಿಲ್ಲ. ಅವನ ಶಾಲೆ ಆ ಬೀದಿಗೆ ದೂರವಿಲ್ಲ. ಶನಿವಾರ ಹುಡುಗರೆಲ್ಲ ಬಬಲ್ ಟೀ ಕುಡಿಯಲು ಬರೋದು ಅಲ್ಲಿಗೇ.

ಈಗ ಇಂಥ ದೇಶಗಳಿಗೆ ಪಾಠ ಮಾಡಲು ಹೊರಟ ಹುಡುಗರು ಯಾರಾದರೂ ಕೇಳಿದರೆ ನಾನು ಮೊದಲು ವೀಸಾ ಬಗ್ಗೆ ಕೇಳುತ್ತೇನೆ. ಧೈರ್ಯದ ಮಾತು ಆಮೇಲೆ. ನಾನು ಕ್ಲಾಸಿನಲ್ಲಿ ಬಾಯಿ ಬಿಟ್ಟಾಗ ಇ-1ರಲ್ಲಿದ್ದೆ. ಕಾಂಟ್ರಾಕ್ಟು ಮುಂದುವರಿಸುವ ತಿಂಗಳು ಬಂದರೆ ಹೊಟ್ಟೆ ಕೆಡುತ್ತಿತ್ತು. ಆಮೇಲೆ ಅಂಕ ಲೆಕ್ಕ ಹಾಕಿ ಕೊಡುವ ಎಫ್-2 ವೀಸಾ ಸಿಕ್ಕಿತು. ಓದು, ವಯಸ್ಸು, ಸಂಬಳ, ಕೊರಿಯನ್ ಭಾಷೆ, ಎಲ್ಲಕ್ಕೂ ಅಂಕ. ಅದು ಕೆಲಸಕ್ಕೆ ಅಂಟಿಕೊಂಡಿಲ್ಲ. ಅದು ಕೈಗೆ ಬಂದ ವರ್ಷವೇ ಎಂ.ಟಿ. ಪಟ್ಟಿಯ ಬಗ್ಗೆ ಹೊಸ ಮುಖ್ಯಸ್ಥರಿಗೆ ನೇರವಾಗಿ ಪತ್ರ ಬರೆದೆ. "ನನ್ನ ಊಟ ನಾನೇ ತರ್ತೀನಿ" ಅಂತ ಕೊನೆಗೆ ಸೇರಿಸಿದ್ದೆ. ಅವರು ಫೋನ್ ಮಾಡಿ, ರಾತ್ರಿ ಉಳಿಯೋದು ಬೇಡ, ಹಗಲು ಬನ್ನಿ ಅಂದರು. ಹೋದೆ. ಚಿತ್ರಾನ್ನ ಡಬ್ಬಿಯಲ್ಲಿ ಅರ್ಧದಷ್ಟು ಹುಡುಗರೇ ಖಾಲಿ ಮಾಡಿದರು.

2024ರ ಜುಲೈ 18ರಂದು ಕೊರಿಯಾದ ಸುಪ್ರೀಂ ಕೋರ್ಟು, ಒಟ್ಟಿಗೆ ಬಾಳುವ ಗಂಡು ಜೋಡಿಯಲ್ಲಿ ಒಬ್ಬನ ಆರೋಗ್ಯ ವಿಮೆಯಲ್ಲಿ ಇನ್ನೊಬ್ಬನನ್ನು ಅವಲಂಬಿತನಾಗಿ ಸೇರಿಸಬೇಕು ಅಂತ ತೀರ್ಪು ಕೊಟ್ಟಿತು. ಅದಕ್ಕೂ ಒಂಬತ್ತು ತಿಂಗಳ ಹಿಂದೆ ನಮ್ಮ ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡಲಾಗದು ಅಂದಿತ್ತು. ನಾನು ಕುಣಿದೆ, ಇವನು ತೀರ್ಪಿನ ಸುದ್ದಿ ಪೂರ್ತಿ ಓದಿ ಫೋನ್ ಕೆಳಗಿಟ್ಟ. ಸರ್ಕಾರಿ ನೌಕರ ಅವನು. ವಿಮೆಯಲ್ಲಿ ನನ್ನ ಹೆಸರು ಸೇರಿಸಬೇಕು ಅಂದರೆ ಮೊದಲು ಶಾಲೆಯ ಆಫೀಸಿಗೇ ಕಾಗದ ಕೊಡಬೇಕಾಗುತ್ತದೆ ಅನ್ನೋದು ಅವನ ಲೆಕ್ಕ. ನಾವು ಕೊಟ್ಟಿಲ್ಲ. ನನಗೆ ನನ್ನದೇ ವಿಮೆ ಇದೆ, ಅದೇನೂ ಅವಸರದ್ದಲ್ಲ ಅಂತ ಅವನೂ ಅನ್ನುತ್ತಾನೆ, ನಾನೂ ಅನ್ನುತ್ತೇನೆ.

ಅಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ಇವನಿಗೂ ಈ ಮಾರ್ಚ್‌ಗೆ ಹೊಸ ಶಾಲೆ. ಹೊಸ ಸ್ಟಾಫ್ ರೂಮು, ಹೊಸ ಹಿರಿಯರು. ಹಳೆಯ ಶಾಲೆಯಲ್ಲಿ ಬ್ಯಾಂಕಿನ ಗೆಳತಿಯ ಕಥೆ ಬಹಳ ಹಳತಾಗಿತ್ತು, ಇಷ್ಟು ವರ್ಷ ಪ್ರೀತಿಸಿ ಮದುವೆ ಆಗದಿರೋದಕ್ಕೆ ಕಾರಣವೇ ಉಳಿದಿರಲಿಲ್ಲ. ಹಾಗಾಗಿ ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅವಳನ್ನು ಬಿಟ್ಟುಬಿಡೋದು ಅಂತ ತೀರ್ಮಾನವಾಯಿತು. ಅವಳು ಕೆನಡಾಕ್ಕೆ ಹೋದಳು. ಇವನಿಗೆ ಬಹಳ ನೋವಾಗಿದೆ, ಎರಡು ವರ್ಷವಾದರೂ ಯಾರೂ ಮದುವೆ ಮಾತು ಎತ್ತಬಾರದು. ಎರಡು ಸಾಲದು, ಮೂರು ವರ್ಷ ಅಂತ ಹೇಳು ಅಂದೆ ನಾನು.